ಗುಲಾಬಿ ಗ್ಲೌಸಿನ ಸರದಿ

"ಕಾಲು ನನ್ನದು, ಸಾಕ್ಸು ನನ್ನದು! ಅದನ್ನ ಹಾಕ್ಕೊಳ್ಳೋದು ಹ್ಯಾಗೆ ಅಂತ ಈ ಭೂಮಿ ಮೇಲೆ ಯಾರೂ ನನಗೆ ಕಲಿಸಬೇಕಾಗಿಲ್ಲ!"

ಹೀಗೆಂದು ಘೋಷಿಸಿ ಕ್ಲೆಮ್ ಟ್ರೆಜೈಸ್ ತಿಂಡಿ ಮೇಜನ್ನು ಗುದ್ದಿದ ರಭಸಕ್ಕೆ, ಟೋಸ್ಟಿನ ಮೇಲೆ ತೆಪ್ಪಗೆ ಕುಳಿತಿದ್ದ ಮೊಟ್ಟೆ ಜಾರಿ ತಟ್ಟೆಗೆ ಬಿತ್ತು. ಎದುರಿಗಿದ್ದ ಹೆಂಡತಿ ಐಲ್ಸಾ ಅದನ್ನು ಚಮಚದಲ್ಲಿ ಎತ್ತಿ ಮತ್ತೆ ಟೋಸ್ಟಿನ ಮೇಲೆ ಕೂರಿಸಿದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಇಂಥ ಎಷ್ಟೋ ಘೋಷಣೆಗಳನ್ನು ಕೇಳಿದ್ದಳು, ಎಷ್ಟೋ ಮೊಟ್ಟೆಗಳನ್ನು ಎತ್ತಿ ಕೂರಿಸಿದ್ದಳು.

"ಆಯ್ತಪ್ಪ. ಡಾಕ್ಟರ್ ಏನಂದ್ರು, ಅದನ್ನಾದ್ರೂ ಹೇಳು."

"ಬಿಗಿ ಸಾಕ್ಸ್ ಹಾಕ್ಕೊಂಡು ಕುಣಿ ಅಂದ್ರು."

"ಡಾಕ್ಟರ್ ಕುಣಿ ಅಂದ್ರಾ?"

"ನಾನೇ ಕೇಳ್ದೆ, ಕುಣೀಬೋದಾ ಅಂತ. ಸಾಕ್ಸ್ ಇದ್ರೆ ಕುಣಿ, ಇಲ್ದಿದ್ರೆ ಕಾಲು ಮೇಲಿಟ್ಕೊಂಡು ಕೂತ್ಕೋ ಅಂದ್ರು. ಶನಿವಾರ ಹಾಲ್‌ನಲ್ಲಿ ಪ್ರೈಡ್ ಆಫ್ ಎರಿನ್ ಬಾರಿಸ್ತಾರಲ್ಲ, ಅದು ನನಗೂ ನಿನಗೂ. ಬುಕ್ ಮಾಡಿದೀನಿ!"

ಐಲ್ಸಾ ತನ್ನ ಚಹಾದ ಬಟ್ಟಲೊಳಗೆ ನೋಡಿದಳು. "ಶನಿವಾರ ನನಗೆ ಟೀ ಹಂಡೆ ಕೆಲಸ ಇದೆಯಲ್ಲ."

"ಹಂಡೆ ಹಾಳಾಗಿ ಹೋಗ್ಲಿ!"

ಮೊಟ್ಟೆ ಮತ್ತೆ ಜಾರಿತು.

ಈ ಕುಣಿತದ ಹಿಂದಿನ ಕಥೆಯನ್ನು ಹೇಳಲೇಬೇಕು. ನಮ್ಮೂರು ಕರ್ರಬೂಲ್ ಇರುವುದು ಮಲ್ಲೀ ಎಂಬ ಒಣ ಬಯಲುಸೀಮೆಯಲ್ಲಿ. ಗೋಧಿ, ಕುರಿ, ಕೆಂಪು ಧೂಳು, ಒಂದು ತಗಡಿನ ಹಾಲ್. ಆ ಹಾಲ್‌ನಲ್ಲಿ, ಪಕ್ಕದೂರು ಪೈಪ್‌ಹೆಡ್‌ನಿಂದ ಲಾರಿಯಲ್ಲಿ ಬಂದಿಳಿದ ಹುಡುಗಿಯರ ಗುಂಪಿನಲ್ಲಿ ಕ್ಲೆಮ್ ಐಲ್ಸಾಳನ್ನು ಮೊದಲು ಕಂಡದ್ದು. ಪ್ರೈಡ್ ಆಫ್ ಎರಿನ್ ಅನ್ನುವ ಜೋಡಿ ಕುಣಿತ ನಡೆಯುತ್ತಿತ್ತು. ಕ್ಲೆಮ್ ಮೊದಲು ನೋಡಿದ್ದು ಅವಳ ಕಾಲು, ಆಮೇಲೆ ಮುಖ. ಇದನ್ನು ಅವನು ಗುಟ್ಟಾಗಿಡಲಿಲ್ಲ. "ಮಲ್ಲೀ ಸೀಮೆಯಲ್ಲೇ ಇಂಥ ಕಾಲು ಇನ್ನೊಂದು ಜೊತೆ ಇಲ್ಲ!" ಎಂದು ಮದುವೆ ಊಟದ ಭಾಷಣದಲ್ಲಿ ಸಾರಿದ. ಮೊದಲ ಮಗುವಿನ ನಾಮಕರಣದಲ್ಲಿ ಪಾದ್ರಿಗೂ ಹೇಳಿದ. ಫುಟ್‌ಬಾಲ್ ಕ್ಲಬ್ಬಿನ ಬಾರಿನಲ್ಲಂತೂ ಕೇಳುವವರಿದ್ದರೂ ಇಲ್ಲದಿದ್ದರೂ ಹೇಳುತ್ತಲೇ ಇದ್ದ.

ಆಮೇಲೆ ಅವನದೇ ಕಾಲು ಕೈಕೊಟ್ಟಿತು. ಟ್ರ್ಯಾಕ್ಟರಿನ ಮೇಲೆ ಕೂತು, ಉಣ್ಣೆ ಶೆಡ್ಡಿನಲ್ಲಿ ನಿಂತು ಸವೆಸಿದ ಕಾಲು. ರಕ್ತನಾಳಗಳು ಹಗ್ಗದಂತೆ ಉಬ್ಬಿ, ಸಂಜೆಯ ಹೊತ್ತಿಗೆ ಪಾದ ಬನ್ನಿನ ಹಾಗೆ ಊದಿಕೊಳ್ಳುತ್ತಿತ್ತು. ಮೂರು ವರ್ಷದಿಂದ ಹಾಲ್‌ನ ಗೋಡೆ ಪಕ್ಕದ ಬೆಂಚೇ ಗತಿ. ಅವನು ಬೆಂಚಿಗೆ ಬಂದ ಕೆಲವೇ ತಿಂಗಳಲ್ಲಿ ಐಲ್ಸಾ ಕೂಡ ಕುಣಿತ ಬಿಟ್ಟಳು. "ಟೀ ಹಂಡೆ ನೋಡ್ಕೋಬೇಕು" ಎಂದು ಹಿಂದಿನ ಅಡುಗೆ ಕೋಣೆ ಸೇರಿದವಳು, ಕೊನೆಯ ಹಾಡು ಮುಗಿಯುವವರೆಗೆ ಹೊರಗೆ ಬರುತ್ತಿರಲಿಲ್ಲ. ತನಗೆ ಬೇಜಾರಾಗಬಾರದೆಂದು ಇವಳು ಕುಣಿತವನ್ನೇ ತ್ಯಾಗ ಮಾಡಿ ಹಂಡೆ ಕಾಯುತ್ತಿದ್ದಾಳೆ ಎಂದು ಕ್ಲೆಮ್‌ಗೆ ಖಾತ್ರಿಯಾಗಿತ್ತು. ಬೆಂಚಿನ ಮೇಲೆ ಕೂತು ಅಡುಗೆ ಕೋಣೆಯ ಮುಚ್ಚಿದ ಬಾಗಿಲು ನೋಡುವಾಗ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಒಂದೇ ಒಂದು ಸಲ, ಈ ಶನಿವಾರ, ಅವಳನ್ನು ಆ ಬಾಗಿಲಿಂದ ಹೊರಗೆ ತಂದು ಕುಣಿಸಬೇಕು. ಅದಕ್ಕಾಗಿ ಸಾಕ್ಸೇನು, ಕುದುರೆ ಲಾಳವನ್ನಾದರೂ ತೊಡಲು ಅವನು ಸಿದ್ಧನಿದ್ದ.

ಆದರೆ ಯಾರಾದರೂ ಕಲಿಸಿಕೊಡುವುದನ್ನು ಸಹಿಸಲು ಸಿದ್ಧನಿರಲಿಲ್ಲ.

ಆ ಸಂಜೆಯೇ ಕ್ಲೆಮ್ ಔಷಧಿ ಅಂಗಡಿಗೆ ಹೋಗಿ, ಜೇಬಿನಿಂದ ಹುಲ್ಲಿನ ಪಿಂಡಿ ಕಟ್ಟುವ ಕೆಂಪು ಹುರಿಯೊಂದನ್ನು ತೆಗೆದು ಕೌಂಟರಿನ ಮೇಲೆ ಇಟ್ಟ. ಹುರಿಯಲ್ಲಿ ಎರಡು ಗಂಟುಗಳಿದ್ದವು.

ಅಂಗಡಿಯ ಟ್ರೂಡಿ ಅವನ ಹಳೇ ಫುಟ್‌ಬಾಲ್ ತಂಡದ ಗೆಳೆಯನ ಮಗಳು. ಹುರಿಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು. "ಇದೇನು ಕ್ಲೆಮ್ ಅಂಕಲ್?"

"ನನ್ನ ಕಾಲು."

"ಏನು?"

"ಅಳತೆ ಕಣಮ್ಮ! ಈ ಗಂಟಿನವರೆಗೆ ಪಾದದ ಗಂಟು, ಆ ಗಂಟಿನವರೆಗೆ ಮೀನಖಂಡ. ಡಾಕ್ಟರ್ ಹೇಳಿದ ಬಿಗಿ ಸಾಕ್ಸ್ ಒಂದು ಜೊತೆ ಕೊಡು, ಹೋಗ್ತೀನಿ."

"ಯಾವಾಗ ಅಳೆದ್ರಿ?"

"ಈಗ ತಾನೆ. ಶೆಡ್ಡಿನಿಂದ ಬರೋ ಮುಂಚೆ."

"ಪ್ಯಾಂಟ್ ಮೇಲೆ?"

"ಪ್ಯಾಂಟ್ ಮೇಲೆ, ಬೂಟ್ ಮೇಲೆ. ಬೇಲಿ ಹಾಕುವಾಗ ಇದೇ ಹುರಿಯಲ್ಲೇ ಅಳೆಯೋದು ನಾನು. ಇವತ್ತಿನವರೆಗೆ ಒಂದು ಕಂಬ ಕೂಡ ದೂರು ಕೊಟ್ಟಿಲ್ಲ!"

"ಕಂಬ ಸಂಜೆ ಹೊತ್ತಿಗೆ ಊದ್ಕೊಳ್ಳಲ್ಲ ಅಂಕಲ್," ಎಂದಳು ಟ್ರೂಡಿ. "ಈ ಅಳತೆಗೆ ಸಾಕ್ಸ್ ಕೊಟ್ರೆ ಅದು ಕಾಲಲ್ಲಿ ಜೋತಾಡತ್ತೆ, ಏನೂ ಪ್ರಯೋಜನ ಇಲ್ಲ. ಚಿಕ್ಕದು ಕೊಟ್ರೆ ರಕ್ತ ಓಡಾಡೋಕೇ ಬಿಡಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಬನ್ನಿ, ಕಾಲು ಊದೋ ಮುಂಚೆ. ನಾನೇ ಅಳೀತೀನಿ. ಹೋಗುವಾಗ ನಿಮ್ಮ ಕಾಲು ತಗೊಂಡು ಹೋಗಿ." ಹುರಿಯನ್ನು ಸುತ್ತಿ ಅವನ ಜೇಬಿಗೆ ತುರುಕಿದಳು.

ಮರುದಿನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಐಲ್ಸಾ ಅವನನ್ನು ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಬಂದಳು. ಟ್ರೂಡಿ ಬರಿಗಾಲಿಗೆ ಟೇಪು ಸುತ್ತಿ ಪಾದದ ಗಂಟಿನ ಮೇಲೆ ತೀರ ಸಣ್ಣಗಿರುವ ಜಾಗ, ಮೀನಖಂಡದ ದಪ್ಪ ಜಾಗ, ಹಿಮ್ಮಡಿಯಿಂದ ಮಂಡಿಯ ಕೆಳಗಿನವರೆಗಿನ ಉದ್ದ, ಎಲ್ಲವನ್ನೂ ನೋಡಿದಳು. ಸಕ್ಕರೆ ಕಾಯಿಲೆ ಇದೆಯೇ, ಪಾದ ಮರಗಟ್ಟುತ್ತದೆಯೇ, ಡಾಕ್ಟರ್ ಕಾಲಿಗೂ ಬಿ.ಪಿ. ಪಟ್ಟಿ ಸುತ್ತಿ ರಕ್ತದ ಓಡಾಟ ಪರೀಕ್ಷೆ ಮಾಡಿದ್ದಾರೆಯೇ ಎಂದೆಲ್ಲ ವಿಚಾರಿಸಿದಳು. ಮಾಡಿದ್ದರು. ರಕ್ತ ಕೆಳಗಿಳಿಯುವುದಕ್ಕೆ ಏನೂ ಅಡ್ಡಿಯಿಲ್ಲ, ವಾಪಸ್ ಮೇಲೆ ಹತ್ತುವುದಕ್ಕೇ ಸೋಮಾರಿತನ ಎಂದಿದ್ದರು.

"ನಿಮ್ಮ ಅಳತೆಗೆ ಎರಡು ಬಣ್ಣ ಇದೆ. ಕಪ್ಪು, ಇಲ್ಲಾಂದ್ರೆ ಚರ್ಮದ ಬಣ್ಣ."

"ಕಪ್ಪಾ!" ಕ್ಲೆಮ್ ಕುರ್ಚಿಯಿಂದ ಅರ್ಧ ಎದ್ದ. "ಕಪ್ಪು ಪೈಪ್‌ಹೆಡ್ ಫುಟ್‌ಬಾಲ್ ತಂಡದ ಬಣ್ಣ! ನನ್ನ ಹೆಣಕ್ಕೂ ಆ ಬಣ್ಣ ಹಾಕೋಕೆ ಬಿಡಲ್ಲ!"

"ಕಪ್ಪೇ ಒಳ್ಳೇದು, ಕೊಳೆ ಕಾಣಲ್ಲ," ಎಂದಳು ಐಲ್ಸಾ, ಕೆಮ್ಮಿನ ಮಾತ್ರೆಗಳನ್ನು ನೋಡುತ್ತ.

"ಹೂಂ, ಐಲ್ಸಾ ಆಂಟಿ ಹೇಳೋದು ಸರಿ. ಅವರಿಗೆ..." ಎಂದು ಶುರುಮಾಡಿದ ಟ್ರೂಡಿ ಯಾಕೋ ಅಲ್ಲಿಗೇ ನಿಲ್ಲಿಸಿದಳು.

"ಚರ್ಮದ ಬಣ್ಣ ಕೊಡು," ಎಂದ ಕ್ಲೆಮ್. ಪೊಟ್ಟಣ ಬಿಚ್ಚಿ ನೋಡಿದ. "ಇದು ಯಾರ ಚರ್ಮ? ಬೇಯಿಸಿದ ಕುರಿಮಾಂಸ ಹೀಗಿರತ್ತೆ."

ಟ್ರೂಡಿ ಹಾಕಿಕೊಳ್ಳುವ ಬಗೆಯನ್ನು ಬಿಡಿಸಿ ಹೇಳಿದಳು. ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮುಂಚೆಯೇ ಹಾಕಿಕೊಳ್ಳಬೇಕು, ಮಲಗುವಾಗ ತೆಗೆಯಬೇಕು. ಕಾಲಿಗೆ ಕ್ರೀಮು ಗೀಮು ಬಳಿದಿರಬಾರದು. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಬೆರಳು ಜುಮ್ಮೆಂದರೆ, ತಣ್ಣಗಾದರೆ, ನೀಲಿಗಟ್ಟಿದರೆ ತಕ್ಷಣ ತೆಗೆದುಬಿಡಬೇಕು.

"ಮುಖ್ಯವಾದದ್ದು ಇದು, ಅಂಕಲ್. ಒಂದು ನೆರಿಗೆ ಕೂಡ ಇರಬಾರದು. ಮೇಲಿನ ಅಂಚನ್ನ ಯಾವ ಕಾರಣಕ್ಕೂ ಕೆಳಗೆ ಮಡಚಬಾರದು, ಸುತ್ತಬಾರದು. ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು," ಎಂದ ಕ್ಲೆಮ್. ಅವನ ಕಣ್ಣು ಬೀದಿಯಲ್ಲಿ ಹೋಗುತ್ತಿದ್ದ ಹೊಸ ಟ್ರ್ಯಾಕ್ಟರಿನ ಮೇಲಿತ್ತು.

ಶನಿವಾರ ಬೆಳಗಾಯಿತು. ಐಲ್ಸಾ ಎಂದಿನಂತೆ ಅವನಿಗಿಂತ ಮೊದಲೇ ಎದ್ದಿದ್ದಳು. ಕ್ಲೆಮ್ ಬಾಗಿಲ ಚಿಲಕ ಹಾಕಿಕೊಂಡು, ಮಂಚದ ಅಂಚಿನಲ್ಲಿ ಕೂತು ಯುದ್ಧಕ್ಕಿಳಿದ.

ಎಳೆದ. ಬರಲಿಲ್ಲ. ಉಸಿರು ಬಿಗಿಹಿಡಿದು ಎಳೆದ. ಬೆರಳುಗಳು ಒಳಗೆ ಹೋದವು, ಹಿಮ್ಮಡಿ ಹೋಗಲಿಲ್ಲ. ದುಷ್ಟ ಟಗರುಗಳನ್ನು ಕೊಂಬು ಹಿಡಿದು ಮಲಗಿಸಿದ ಮಹಾಶೂರ ಒಂದು ಗೇಣು ಬಟ್ಟೆಯೆದುರು ಬೆವೆತು ಹೋದ! ಬೇಲಿ ಕೆಲಸದ ಚರ್ಮದ ಗ್ಲೌಸು ತೊಟ್ಟು ಎಳೆದ. ಸಾಕ್ಸು ಪಾದದಿಂದ ಚಿಮ್ಮಿ ಕನ್ನಡಿಗೆ ಬಡಿದು, ಗೋಡೆಯ ಮೇಲಿದ್ದ ಅತ್ತೆಯ ಫೋಟೋದ ಮೂಲೆಗೆ ನೇತುಬಿತ್ತು. ಅದನ್ನು ಇಳಿಸಲು ಮಂಚದ ಮೇಲೆ ನಿಂತ. ಮಂಚದಿಂದ ಬಿದ್ದ.

"ಏನದು ಸದ್ದು?" ಹೊರಗಿಂದ ಐಲ್ಸಾ ಕೂಗಿದಳು.

"ಏನಿಲ್ಲ! ನಿಮ್ಮಮ್ಮನ ಫೋಟೋ ಒರೆಸ್ತಿದ್ದೆ!"

"ನಮ್ಮಮ್ಮನ ಮೇಲೆ ಯಾವಾಗ ಹುಟ್ತು ಈ ಪ್ರೀತಿ? ಡ್ರಾಯರ್‌ನಲ್ಲಿ ಗ್ಲೌಸಿದೆ, ಹಾಕ್ಕೋ."

ನಿಜವೇ, ಐಲ್ಸಾಳ ಕಡೆಯ ಡ್ರಾಯರಿನಲ್ಲಿ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ರಬ್ಬರ್ ಗ್ಲೌಸು ಒಂದು ಜೊತೆ ಇತ್ತು. ಪಾತ್ರೆ ಗ್ಲೌಸಿಗೆ ಮಲಗುವ ಕೋಣೆಯಲ್ಲಿ ಏನು ಕೆಲಸ ಎಂದು ಕ್ಲೆಮ್‌ಗೆ ಒಂದು ಕ್ಷಣ ಅನಿಸಿತು. ಹೆಂಗಸರ ಡ್ರಾಯರಿನಲ್ಲಿ ಏನೇನೋ ಇರುತ್ತದೆ ಎಂದು ಸುಮ್ಮನಾದ. ಗುಲಾಬಿ ಗ್ಲೌಸು ತೊಟ್ಟು ನಾಲ್ಕು ದಿಕ್ಕಿಗೂ ನೋಡಿ, ಯಾರೂ ಇಲ್ಲವೆಂದು ಖಚಿತಮಾಡಿಕೊಂಡು ಎಳೆದ. ಹತ್ತಿತು! ಎರಡೂ ಹತ್ತಿದವು! ಮಂಡಿಯ ಕೆಳಗಿನವರೆಗೆ ನೆರಿಗೆಯಿಲ್ಲದೆ ಕೂತವು. ಕಾಲು ಹಗುರಾಗಿ, ಅಂಗಳದಲ್ಲಿ ನಾಯಿ ಮಿಡ್ಜ್‌ನ ಮುಂಗಾಲು ಹಿಡಿದು ಒಂದು ಸುತ್ತು ಕುಣಿದೇಬಿಟ್ಟ.

ಇಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು!

ಮಧ್ಯಾಹ್ನ ಹಾಲ್ ಸಿದ್ಧಮಾಡಲು ಊರೆಲ್ಲ ಸೇರಿತ್ತು. ಹೆಂಗಸರು ಅಡುಗೆ ಕೋಣೆಯಲ್ಲಿ ಸ್ಪಂಜ್ ಕೇಕಿಗೆ ಕ್ರೀಮು ಬಳಿಯುತ್ತಿದ್ದರು. ಗಂಡಸರು ಚಡ್ಡಿಯಲ್ಲಿ ಮೇಜು ಹೊರುತ್ತ, ಕುಣಿಯಲು ನುಣುಪಾಗಲೆಂದು ನೆಲಕ್ಕೆ ಮೇಣದ ಪುಡಿ ಎರಚಿ ಗೋಣಿಚೀಲ ಎಳೆಯುತ್ತ ಓಡಾಡುತ್ತಿದ್ದರು. ಕ್ಲೆಮ್ ಕೂಡ ಚಡ್ಡಿಯಲ್ಲೇ ಬಂದಿದ್ದ. ಒಳ್ಳೆಯ ಪ್ಯಾಂಟು ಗಾಡಿಯಲ್ಲಿ ತೂಗುಹಾಕಿತ್ತು. ಬಾಗಿಲಲ್ಲಿ ಅವನನ್ನು ಕಂಡ ಹಳೇ ತಂಡದ ನಾಯಕ ಸ್ನೋಯಿ ಫೈಫರ್, ಹೊತ್ತ ಮೇಜನ್ನು ಕೆಳಗಿಟ್ಟ.

"ಓಹೋ! ಏನೋ ಕ್ಲೆಮ್, ಇವತ್ತು ಸ್ಕೂಲಿನ ಮೊದಲನೇ ದಿನವಾ? ಬುತ್ತಿ ತಂದಿದೀಯಾ, ಅಮ್ಮ ಕೊಟ್ಟು ಕಳ್ಸಿದಾರಾ?"

ಹಾಲ್ ಪೂರ್ತಿ ನಕ್ಕಿತು. ಇಲ್ಲೊಂದು ಮಾತು ತಿಳಿದಿರಬೇಕು. ಕರ್ರಬೂಲ್ ಫುಟ್‌ಬಾಲ್ ತಂಡದಲ್ಲಿ ಸಾಕ್ಸನ್ನು ಮಂಡಿಯವರೆಗೆ ಎಳೆದುಕೊಂಡವನು ಆಟಗಾರನಲ್ಲ, ಅಮ್ಮನ ಮುದ್ದಿನ ಮಗ. ಗಂಡಸಾದವನು ಮೈದಾನಕ್ಕಿಳಿಯುವ ಮುಂಚೆ ಬಗ್ಗಿ, ಎರಡೂ ಸಾಕ್ಸನ್ನು ಸುತ್ತಿ ಸುತ್ತಿ ಪಾದದ ಗಂಟಿಗೆ ಇಳಿಸುತ್ತಿದ್ದ. ಆ ಬರಿ ಮೀನಖಂಡ ನೋಡಿ ಎದುರು ತಂಡ ನಡುಗಬೇಕು! ಕ್ಲೆಮ್ ತನ್ನ ಆಟದ ಕಾಲವನ್ನೆಲ್ಲ ಸಾಕ್ಸು ಇಳಿಸಿಯೇ ಆಡಿದವನು. ಕ್ಲಬ್ಬಿನ ಗೋಡೆಯ ಫೋಟೋಗಳಲ್ಲಿ ಈಗಲೂ ಹಾಗೆಯೇ ನಿಂತಿದ್ದಾನೆ.

ಅವನು ಬೇಕೆಂದು ಮಾಡಿದ್ದಲ್ಲ. ಸ್ನೋಯಿ ನಕ್ಕ, ಕ್ಲೆಮ್ ಬಗ್ಗಿದ, ಕೈಗಳು ಹಳೆಯ ಅಭ್ಯಾಸದಂತೆ ತಮ್ಮ ಕೆಲಸ ಮುಗಿಸಿದವು. ಸುತ್ತಿ, ಸುತ್ತಿ, ಸುತ್ತಿ! ಬೆಳಿಗ್ಗೆ ಬೆವರು ಹರಿಸಿ ಏರಿಸಿದ್ದು ಕ್ಷಣದಲ್ಲಿ ಪಾದದ ಗಂಟಿನ ಮೇಲೆ ದಪ್ಪ ಬಳೆಯಂತೆ ಕೂತಿತು.

"ಈಗ ಹೇಳು, ಯಾರೋ ಸ್ಕೂಲ್ ಹುಡುಗ?"

"ಇದಪ್ಪ ನಮ್ಮ ಕ್ಲೆಮ್!" ಎಂದ ಸ್ನೋಯಿ. ಕ್ಲೆಮ್ ಎದೆ ಉಬ್ಬಿಸಿಕೊಂಡು ಸಂಜೆಯವರೆಗೂ ಮೇಜು ಹೊತ್ತ.

ಹೊತ್ತು ಮುಳುಗುವಾಗ ಪ್ಯಾಂಟು ಬದಲಾಯಿಸಲೆಂದು ಹಾಲ್ ಹಿಂದೆ ನಿಲ್ಲಿಸಿದ್ದ ಗಾಡಿಯತ್ತ ಹೋದಾಗ, ನೆಲ ಯಾಕೋ ಹತ್ತಿಯಂತೆ ಮೆತ್ತಗಿದೆ ಅನಿಸಿತು. ಗಾಡಿಯ ಹಿಂಬದಿ ಹಲಗೆಯ ಮೇಲೆ ಕೂತು ಬೂಟು ಕಳಚಿದ. ಪಾದ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬೆರಳುಗಳು ಜುಮುಜುಮು ಎನ್ನುತ್ತಿದ್ದವು. ಮಡಿಕೆಯ ಮೇಲೆ ಊತ, ಕೆಳಗೂ ಊತ, ನಡುವೆ ಹೂತುಹೋದ ಸಾಕ್ಸು. ಬೆರಳು ತೂರಿಸಲೂ ಜಾಗವಿಲ್ಲ. ಗಾಡಿಯಲ್ಲಿ ಜೊತೆಗೆ ಬಂದಿದ್ದ ನಾಯಿ ಮಿಡ್ಜ್ ಪಾದವನ್ನು ಮೂಸಿ ನೋಡಿ, ಕಿವಿ ಕೆಳಗೆ ಮಾಡಿ ದೂರ ಹೋಗಿ ಕೂತಿತು.

ಎಳೆದ, ಜಗ್ಗಿದ, ಬೈದ. ಒಳಗೆ ಅಕಾರ್ಡಿಯನ್ ಶ್ರುತಿ ಮಾಡುವುದು ಕೇಳಿಸುತ್ತಿತ್ತು. ಕೊನೆಗೆ ಗಾಡಿಯಲ್ಲಿದ್ದ, ಕುರಿಯ ಉಣ್ಣೆ ತೆಗೆಯುವ ಕತ್ತರಿ ಹುಡುಕಿ ಕಾಲಿನ ಹತ್ತಿರ ಹಿಡಿದ.

"ಇಡು ಕೆಳಗೆ!"

ಹಿಂದಿನ ಬಾಗಿಲಲ್ಲಿ ಐಲ್ಸಾ ನಿಂತಿದ್ದಳು. ಉದ್ದನೆಯ ನೀಲಿ ಸ್ಕರ್ಟು, ಮೇಲೆ ಏಪ್ರನ್ನು, ಕೈಯಲ್ಲಿ ಅವನಿಗೆಂದು ತಂದ ಚಹಾ. ಹತ್ತಿರ ಬಂದು ಪಾದ ನೋಡಿದಳು. ಚಹಾವನ್ನು ಮೆಲ್ಲಗೆ ಹಲಗೆಯ ಮೇಲಿಟ್ಟಳು.

"ಸುತ್ತಿದ್ಯಾ?"

ಕ್ಲೆಮ್ ಕತ್ತರಿಯನ್ನು ಹಲಗೆಯ ಮೇಲಿಟ್ಟ.

"ಸುತ್ತಬೇಡ ಅಂತ ಟ್ರೂಡಿ ಬಡ್ಕೊಂಡ್ಲಲ್ಲೋ! ಯಾಕೋ ಸುತ್ತಿದೆ?"

"ಸ್ನೋಯಿ ನಕ್ಕ ಕಣೆ."

"ಸ್ನೋಯಿ ನಕ್ಕ ಅಂತ ಕಾಲು ಕಳ್ಕೊಳ್ತಿದ್ಯಾ? ಅಯ್ಯೋ ನನ್ನ ಕರ್ಮವೇ! ಇಳಿ ಕೆಳಗೆ."

ಐಲ್ಸಾಳ ಅಪ್ಪ ಪೈಪ್‌ಹೆಡ್‌ನ ಹೆಸರಾಂತ ಉಣ್ಣೆ ಕತ್ತರಿಗಾರ. ಅಂಥವನ ಮಗಳು ಏನು ಮಾಡಬೇಕೋ ಅದನ್ನೇ ಮಾಡಿದಳು. ಗಂಡನ ಕಂಕುಳಿಗೆ ಕೈಹಾಕಿ ಇಳಿಸಿ, ಒಣಹುಲ್ಲಿನ ಮೇಲೆ ಅಂಡೂರಿ ಕೂರಿಸಿ, ಅವನ ಬೆನ್ನನ್ನು ತನ್ನ ಮಂಡಿಗಳ ನಡುವೆ ಒತ್ತಿ ಹಿಡಿದಳು. ಶೆಡ್ಡಿನಲ್ಲಿ ಕುರಿಯನ್ನು ಕೂರಿಸುವುದೂ ಹೀಗೆಯೇ. ಹಾಗೆ ಕೂರಿಸಿದ ಕುರಿ ಒದೆಯುವುದಿಲ್ಲ, ಆಕಾಶ ನೋಡುತ್ತ ಸುಮ್ಮನಿರುತ್ತದೆ. ಕ್ಲೆಮ್ ಕೂಡ ಆಕಾಶ ನೋಡಿದ.

"ಕಾಲು ಮಡಿಸು. ಅಲ್ಲಾಡಿದ್ಯೋ, ಗಾಯ ಆಗತ್ತೆ. ಕುರಿ ಗಾಯಕ್ಕೆ ಹಚ್ಚೋ ತಾರು ನಿಂಗೂ ಹಚ್ಚಬೇಕಾಗತ್ತೆ!"

ಎಡಗಾಲಿನ ಮಡಿಕೆಯ ಕೆಳಗೆ ಅವಳು ಬೆರಳು ತೂರಿಸಿ, ಸುತ್ತನ್ನು ಒಂದೊಂದಾಗಿ ಬಿಚ್ಚಿ ಮೇಲಕ್ಕೆ ಸರಿಸಿ, ಕೊನೆಗೆ ಕಳಚಿ ತೆಗೆದಳು. ಬಲಗಾಲಿನದು ಜಪ್ಪಯ್ಯ ಅಂದರೂ ಸಡಿಲಾಗಲಿಲ್ಲ. ತನ್ನ ಎರಡು ಬೆರಳನ್ನು ಚರ್ಮದ ಮೇಲೆ ಕಾವಲಿಟ್ಟು, ಕತ್ತರಿಯ ತುದಿಯಿಂದ ಎಳೆ ಎಳೆಯಾಗಿ ಕತ್ತರಿಸಿದಳು. ಸಾಕ್ಸು ಪಟ್ಟೆಂದು ಬಿಟ್ಟಿತು. ಅವಳ ಬೆರಳಿಗೇ ಸಣ್ಣ ಗೀರಾಗಿತ್ತು. ಅದನ್ನು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಅವನ ತಣ್ಣನೆಯ ಪಾದವನ್ನು ಹಿಡಿದು ಕೂತಳು.

"ನೋಯ್ತಾ?" ಎಂದಳು. ಈ ಸಲ ದನಿ ಮೆತ್ತಗಿತ್ತು.

"ಇಲ್ಲ," ಎಂದ ಕ್ಲೆಮ್. ನೋಯುತ್ತಿತ್ತು. ಆದರೆ ಅವಳು ಹಿಡಿದದ್ದು ಹಿತವಾಗಿತ್ತು, ಬಿಟ್ಟುಬಿಟ್ಟಾಳು ಎಂಬ ಭಯ.

ಒಳಗಿದ್ದ ಟ್ರೂಡಿಯನ್ನು ಕರೆದದ್ದಾಯಿತು. ಅವಳು ಬೆರಳುಗಳನ್ನು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ನೋಡಿದಳು, ಪಾದದ ಮೇಲೆ ನಾಡಿ ಹಿಡಿದಳು, ಚರ್ಮ ಎಲ್ಲಾದರೂ ಒಡೆದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. "ಬಚಾವಾದ್ರಿ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ನಿಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗ್ಬೇಕಿತ್ತು. ಈಗ ಕಾಲು ಮೇಲಿಟ್ಟು ಮಲಗಿ. ನಾನು ಹೇಳೋವರೆಗೆ ಕುಣಿತ ಗಿಣಿತ ಏನೂ ಇಲ್ಲ. ಮತ್ತೆ ನೀಲಿಯಾದ್ರೆ ಸೀದಾ ಆಸ್ಪತ್ರೆಗೆ."

ಹೀಗೆ ಕರ್ರಬೂಲ್‌ನ ಮಹಾಶೂರ, ಅಡುಗೆ ಕೋಣೆಯ ಬೆಂಚಿನ ಮೇಲೆ, ಸ್ಪಂಜ್ ಕೇಕುಗಳ ಸಾಲಿನ ಪಕ್ಕದಲ್ಲಿ, ಹಿಟ್ಟಿನ ಚೀಲದ ಮೇಲೆ ಎರಡೂ ಕಾಲೇರಿಸಿಕೊಂಡು ಮಲಗಿದ. ಬಂದ ಹೆಂಗಸರೆಲ್ಲ ಕೇಕು ಎತ್ತಿಕೊಳ್ಳುವಾಗ ಅವನ ಪಾದವನ್ನೂ ಒಮ್ಮೆ ನೋಡಿಕೊಂಡು ಹೋದರು. ಹೊರಗೆ ಅಕಾರ್ಡಿಯನ್, ಪಿಯಾನೋ, ಡ್ರಮ್ಮು ಶುರುವಾದವು. ಅದೇ ತಾಳ. ಪ್ರೈಡ್ ಆಫ್ ಎರಿನ್. ನೆಲದ ಮೇಲೆ ಊರಿನ ಪಾದಗಳೆಲ್ಲ ಒಟ್ಟಿಗೆ ಸರಿಯುವ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಐಲ್ಸಾ ಅವನಿಗೆ ಬೆನ್ನು ಮಾಡಿ ಬಟ್ಟಲು ತೊಳೆಯುತ್ತಿದ್ದಳು. ತಾಳಕ್ಕೆ ಸರಿಯಾಗಿ ಅವಳ ಭುಜ ಸ್ವಲ್ಪವೇ ಆಡುತ್ತಿತ್ತು.

ಕ್ಲೆಮ್ ಅದನ್ನೇ ನೋಡುತ್ತಿದ್ದ. ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

"ಕ್ಷಮಿಸು ಕಣೆ," ಎಂದ.

"ಬಾಯ್ಮುಚ್ಕೊಂಡು ಮಲ್ಕೋ," ಎಂದಳು, ತಿರುಗದೆ.

ಸುಮಾರು ಹೊತ್ತು ಕಳೆಯಿತು. ಟ್ರೂಡಿ ರಸ್ತೆಯಾಚೆಯ ಅಂಗಡಿಗೆ ಹೋಗಿ ಪೊಟ್ಟಣವೊಂದನ್ನು ತಂದಿದ್ದಳು. ಪಾದವನ್ನು ಮತ್ತೆ ನೋಡಿ, "ಊತ ಇಳಿದಿದೆ, ಬೆರಳು ಬೆಚ್ಚಗಿದೆ, ಗುರುತೂ ಹೋಗಿದೆ. ಒಂದೇ ಒಂದು ಕುಣಿತ, ಆಮೇಲೆ ಸೀದಾ ಮನೆಗೆ. ಸೋಮವಾರ ಡಾಕ್ಟರಿಗೆ ತೋರಿಸ್ಬೇಕು. ಆದ್ರೆ ನಿಮ್ಮ ಅಳತೆಗೆ ಈಗ ಉಳಿದಿರೋದು ಈ ಬಣ್ಣ ಒಂದೇ," ಎಂದಳು.

ಕಪ್ಪು! ಅಡುಗೆ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಕ್ಲೆಮ್ ಸಾಕ್ಸು ನೋಡಿದ. ಹೆಂಡತಿಯ ಬೆರಳಿಗೆ ಸುತ್ತಿದ್ದ ಚಿಂದಿ ನೋಡಿದ. ಕಾಲು ಚಾಚಿದ.

ಐಲ್ಸಾ ತನ್ನ ಕೈಚೀಲದಿಂದ ಗುಲಾಬಿ ಗ್ಲೌಸು ತೆಗೆದು ತೊಟ್ಟಳು.

"ಇದನ್ನ ಇಲ್ಲಿಗೂ ತಂದಿದೀಯಾ?"

"ಹಂಡೆ ತೊಳೆಯೋಕೆ."

ಸಾಕ್ಸಿನ ಒಳಮೈಯನ್ನು ಹಿಮ್ಮಡಿಯವರೆಗೆ ಹೊರಗೆ ತಿರುವಿ, ಪಾದಕ್ಕೆ ತೊಡಿಸಿ, ಹಿಮ್ಮಡಿ ಕೂರಿಸಿ, ಅಂಗೈಯಿಂದ ನೀವುತ್ತ ನೀವುತ್ತ ಮೇಲೇರಿಸಿದಳು. ಕ್ಲೆಮ್ ಬೆಳಗೆಲ್ಲ ಹೆಣಗಿದ ಕೆಲಸವನ್ನು ಅವಳು ಬಟಾಣಿ ಸುಲಿದಷ್ಟು ಸಲೀಸಾಗಿ ಮುಗಿಸಿದಳು.

"ಇದೆಲ್ಲ ನಿಂಗೆ ಹ್ಯಾಗೆ ಗೊತ್ತು?"

"ಟ್ರೂಡಿ ಹೇಳುವಾಗ ನೀನು ಟ್ರ್ಯಾಕ್ಟರ್ ನೋಡ್ತಿದ್ದೆ," ಎಂದಳು ಐಲ್ಸಾ.

ಅವಳು ಏಪ್ರನ್ನು ಬಿಚ್ಚಿಟ್ಟು ಹೊರಗೆ ಹೋಗಿ ಅಕಾರ್ಡಿಯನ್‌ನವನ ಕಿವಿಯಲ್ಲಿ ಏನೋ ಹೇಳಿದಳು. ಪ್ರೈಡ್ ಆಫ್ ಎರಿನ್ ಮತ್ತೊಮ್ಮೆ ಶುರುವಾಯಿತು. ಪ್ಯಾಂಟಿನ ನೆನಪು ಯಾರಿಗೂ ಆಗಲಿಲ್ಲ. ಕ್ಲೆಮ್ ಟ್ರೆಜೈಸ್, ಚಡ್ಡಿಯಲ್ಲಿ, ಪೈಪ್‌ಹೆಡ್‌ನ ಕಪ್ಪು ಸಾಕ್ಸನ್ನು ಮಂಡಿಯ ಕೆಳಗಿನವರೆಗೆ ಏರಿಸಿಕೊಂಡು, ಇಡೀ ಊರಿನೆದುರು ಹಾಲ್‌ನ ನಡುವೆ ಬಂದು ನಿಂತ. ಸ್ನೋಯಿ ಬಾಯಿ ತೆರೆದ. ಐಲ್ಸಾ ಅವನತ್ತ ಒಂದು ನೋಟ ಬೀರಿದಳು. ಸ್ನೋಯಿ ಬಾಯಿ ಮುಚ್ಚಿದ.

ಕುಣಿದರು. ಮೂರು ಹೆಜ್ಜೆ ಮುಂದೆ, ತಿರುಗು, ಕೈ ಬದಲಿಸು. ಕ್ಲೆಮ್‌ನ ಕಾಲಿಗೆ ಯಾವ ಹೆಜ್ಜೆಯೂ ಮರೆತಿರಲಿಲ್ಲ. ಐಲ್ಸಾಳ ತಲೆ ಅವನ ಗಲ್ಲದ ಕೆಳಗೆ ಹಿಂದಿನಂತೆಯೇ ಸರಿಯಾಗಿ ಹೊಂದಿತು. ಅವಳ ಕೂದಲಿಂದ ವೆನಿಲ್ಲಾ ವಾಸನೆ ಬರುತ್ತಿತ್ತು. ಮೂರು ವರ್ಷದಿಂದ ಎದೆಯಲ್ಲಿದ್ದ ಮಾತು ತಾನಾಗಿಯೇ ಹೊರಗೆ ಬಂತು.

"ಐಲ್ಸಾ, ನಂಗೆಲ್ಲ ಗೊತ್ತು. ನನಗೆ ಬೇಜಾರಾಗಬಾರದು ಅಂತ ನೀನು ಕುಣಿಯೋದು ಬಿಟ್ಟು ಆ ಹಂಡೆ ಕಾದೆ. ನನಗೋಸ್ಕರ ಇಷ್ಟು ತ್ಯಾಗ..."

ಐಲ್ಸಾ ತಲೆಯೆತ್ತಿ ನೋಡಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಕ್ಲೆಮ್ ಅವಳನ್ನು ಇನ್ನಷ್ಟು ಹತ್ತಿರ ಸೆಳೆದ. ಅಳುತ್ತಿರಲಿಲ್ಲ, ನಗುತ್ತಿದ್ದಳು!

"ನಿನಗೋಸ್ಕರವಾ? ಅಯ್ಯೋ ಪೆದ್ದೇ! ನನ್ನ ಕಾಲೂ ಹೋಗಿತ್ತು ಕಣೋ!"

ತಿರುಗುವ ಹೆಜ್ಜೆಯಲ್ಲಿ ಅವಳು ನೀಲಿ ಸ್ಕರ್ಟಿನ ಅಂಚನ್ನು ಒಂದು ಗೇಣು ಎತ್ತಿದಳು. ಕೆಳಗೆ ಮಂಡಿಯತ್ತ ಏರಿದ, ಒಂದು ನೆರಿಗೆಯೂ ಇಲ್ಲದ ಬಿಗಿ ಸಾಕ್ಸು. ಕಪ್ಪು.

ಕ್ಲೆಮ್ ಕುಣಿಯುವುದನ್ನೇ ಮರೆತ. "ಪೈಪ್‌ಹೆಡ್ ಬಣ್ಣ! ನನ್ನ ಮನೇಲಿ!"

"ನಾನು ಹುಟ್ಟಿದ್ದೆಲ್ಲಿ ಅಂತ ಮರ್ತ್ಯಾ? ಎರಡು ವರ್ಷದಿಂದ ಹಾಕ್ತಿದೀನಿ. ಟ್ರೂಡಿನೇ ಅಳತೆ ತಗೊಂಡಿದ್ದು."

"ನನಗೆ ಹೇಳ್ಬಾರ್ದಿತ್ತಾ?"

"ಹ್ಯಾಗೆ ಹೇಳ್ಲಿ?" ಐಲ್ಸಾಳ ನಗು ಸ್ವಲ್ಪ ತಗ್ಗಿತು. "ಮಲ್ಲೀ ಸೀಮೆಯಲ್ಲೇ ಇಂಥ ಕಾಲಿಲ್ಲ ಅಂತ ನೀನು ಪಾದ್ರಿವರೆಗೂ ಸಾರ್ಕೊಂಡು ಬಂದಿದ್ದೆ. ಆ ಕಾಲಲ್ಲಿ ಹಗ್ಗ ಹಗ್ಗವಾಗಿ ನರ ಎದ್ದಿದೆ ಅಂತ ಹ್ಯಾಗಪ್ಪ ಹೇಳ್ಲಿ? ಅದಕ್ಕೇ ಉದ್ದ ಸ್ಕರ್ಟು, ಅದಕ್ಕೇ ಹಂಡೆ. ಸಾಕ್ಸ್ ಬಂದ್ಮೇಲೆ ಕುಣೀಬೋದಿತ್ತು. ಆದ್ರೆ ನೀನಿಲ್ದೆ ಯಾರ ಜೊತೆ ಕುಣೀಲಿ, ಸ್ನೋಯಿ ಜೊತೆನಾ? ದಿನಾ ಬೆಳಿಗ್ಗೆ 'ಚಹಾ ಯಾಕೆ ತಡ' ಅಂತ ಕೂಗ್ತಿದ್ದೆಯಲ್ಲ, ಆಗೆಲ್ಲ ನಾನು ಆಚೆ ಕೋಣೆಯಲ್ಲಿ ಎರಡನೇ ಕಾಲು ಹತ್ತಿಸ್ತಾ ಇರ್ತಿದ್ದೆ."

ಕ್ಲೆಮ್‌ಗೆ ಒಮ್ಮೆಲೇ ಎಲ್ಲ ಹೊಳೆಯಿತು. ಡ್ರಾಯರಿನ ಗ್ಲೌಸು, ಕೊಳೆ ಕಾಣದ ಕಪ್ಪು, ಟ್ರೂಡಿ ನುಂಗಿಕೊಂಡ ಮಾತು. ತಾನು ಹೊಗಳಿದ್ದೇ ಹೊಗಳಿದ್ದು, ಆ ಹೊಗಳಿಕೆಯನ್ನು ಇವಳು ಎರಡು ವರ್ಷ ಸ್ಕರ್ಟಿನ ಕೆಳಗೆ ಹೊತ್ತು ನಡೆದಿದ್ದಾಳೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು.

"ಈಗಲೂ ಹೇಳ್ತೀನಿ, ಇಂಥ ಕಾಲು ಇನ್ನೊಂದು ಜೊತೆ ಇಲ್ಲ," ಎಂದ. "ನಾಳೆಯಿಂದ ಚಹಾ ನಾನು ಮಾಡ್ತೀನಿ. ನೀನು ಏಳೋ ಮುಂಚೆ ಎದ್ದು, ಹಾಸಿಗೆಗೇ ತಂದ್ಕೊಡ್ತೀನಿ!"

"ಅದು ಹ್ಯಾಗಾಗತ್ತೆ? ಸಾಕ್ಸ್ ಹಾಕ್ದೆ ನೆಲಕ್ಕೆ ಕಾಲಿಡೋ ಹಾಗಿಲ್ಲ ನೀನು."

"ಹಾಕ್ಕೊಂಡೇ ಏಳ್ತೀನಿ."

"ಹಾಕ್ಕೊಳ್ಳೋಕೆ ಗ್ಲೌಸ್ ಬೇಕು. ಮನೇಲಿರೋದು ಒಂದೇ ಜೊತೆ." ಐಲ್ಸಾ ಅವನ ಕೈ ಹಿಡಿದು ಕೊನೆಯ ಸುತ್ತಿಗೆ ತಿರುಗಿಸಿದಳು. "ಮೊದಲು ನಾನು. ಆಮೇಲೆ ನೀನು."

ಮರುದಿನ ಬೆಳಿಗ್ಗೆ, ಯಾರೂ ಏನೂ ಕಲಿಸಬೇಕಾಗಿಲ್ಲದ ಕ್ಲೆಮ್ ಟ್ರೆಜೈಸ್ ಮಂಚದ ಮೇಲೆ ಎರಡೂ ಪಾದ ಮೇಲೆತ್ತಿಕೊಂಡು, ಬರಿಗೈ ಚಾಚಿ, ತನ್ನ ಸರದಿ ಕಾಯುತ್ತ ಕೂತಿದ್ದ.